ತೂತಿನ ಬಿಲ್ಲೆಯನ್ನು ತೂಗಿ ನೋಡಿ

ಉತ್ಖನನದಲ್ಲಿ ಸಿಕ್ಕ ಮಡಕೆ ಚೂರುಗಳನ್ನು ವಿಂಗಡಿಸುವುದು ನನ್ನ ಕೆಲಸ. ಆ ರಾಶಿಯಲ್ಲಿ ಆಗಾಗ ಒಂದು ದುಂಡನೆಯ ಬಿಲ್ಲೆ ಕೈಗೆ ಬರುತ್ತದೆ. ಒಡೆದ ಮಡಕೆಯ ಚೂರನ್ನೇ ಅಂಚು ಉಜ್ಜಿ ದುಂಡಗೆ ಮಾಡಿ, ನಡುವೆ ತೂತು ಕೊರೆದಿರುತ್ತಾರೆ. ಎಷ್ಟೋ ಪಟ್ಟಿಗಳಲ್ಲಿ ಅದನ್ನು ‘ತೂತಿರುವ ಬಿಲ್ಲೆ’ ಎಂದು ಬರೆದು ಮುಗಿಸಿಬಿಡುತ್ತಾರೆ. ನನಗೆ ತುಂಬಾ ಬೇಸರವಾಗುತ್ತದೆ. ಅದು ಕದಿರಿನ, ಅಂದರೆ ನೂಲು ತೆಗೆಯುವ ಕಡ್ಡಿಯ ಬಿಲ್ಲೆಯಾಗಿದ್ದರೆ, ಆ ಊರಿನವರು ಎಂಥ ನೂಲು ತೆಗೆಯುತ್ತಿದ್ದರು ಎಂಬ ಸುಳಿವು ಅದರಲ್ಲೇ ಇರುತ್ತದೆ.

ಬಟ್ಟೆ ನಮ್ಮ ಮಣ್ಣಿನಲ್ಲಿ ಉಳಿಯುವುದು ಅಪರೂಪ. ಕದಿರಿನ ಕಡ್ಡಿಯೂ ಕೊಳೆತು ಹೋಗುತ್ತದೆ. ಬಿಲ್ಲೆ ಮಾತ್ರ ಉಳಿಯುತ್ತದೆ. ತಕಲಿಯಲ್ಲಿ ನೂತವರಿಗೆ ಗೊತ್ತು, ಕಡ್ಡಿ ನಿಲ್ಲದೆ ತಿರುಗುವುದು ಆ ಬಿಲ್ಲೆಯ ಭಾರದಿಂದಲೇ. ಕದಿರನ್ನು ತೂಗುಬಿಟ್ಟು ನೂಲುವಾಗ ಭಾರ ಜಾಸ್ತಿಯಾದರೆ ಹತ್ತಿಯ ಗಿಡ್ಡ ಎಳೆ ತಡೆಯುವುದಿಲ್ಲ, ಪಟ್ ಅಂತ ಹರಿಯುತ್ತದೆ. ಉದ್ದ ಎಳೆಯ ಉಣ್ಣೆ ತಡೆಯುತ್ತದೆ. ಒಂದೇ ತೂಕದ ಎರಡು ಬಿಲ್ಲೆಗಳಲ್ಲಿ ಅಗಲವಾದದ್ದು ನಿಧಾನವಾಗಿ, ಹೆಚ್ಚು ಹೊತ್ತು ತಿರುಗುತ್ತದೆ. ಕಿರಿದಾದದ್ದು ಜೋರಾಗಿ ತಿರುಗಿ ಬೇಗ ಹುರಿ ಹಾಕುತ್ತದೆ. ಢಾಕಾದ ಮಸ್ಲಿನ್‌ಗೆ ನೂಲುತ್ತಿದ್ದವರು ಸೂಜಿಯಂಥ ಕದಿರಿಗೆ ಪುಟ್ಟ ಮಣ್ಣಿನ ಉಂಡೆ ಮೆತ್ತಿ, ತುದಿಯನ್ನು ಚಿಪ್ಪಿನ ಮೇಲೆ ಊರಿ ತಿರುಗಿಸುತ್ತಿದ್ದರು. ಎಳೆಯ ಮೇಲೆ ಭಾರ ಬೀಳಬಾರದಲ್ವಾ, ಅದಕ್ಕೇ.

ಹಾಗಂತ ತೂತಿರುವುದೆಲ್ಲ ಕದಿರಿನ ಬಿಲ್ಲೆಯಲ್ಲ. ಆಟದ ಗಾಡಿಯ ಚಕ್ರವೋ, ಮೀನುಬಲೆಯ ಗುಂಡೋ ಇರಬಹುದು. ತೂತು ನಟ್ಟನಡುವೆ ಇದೆಯೇ ಎಂದು ಮೊದಲು ನೋಡುತ್ತೇನೆ. ಜಾಸ್ತಿ ಆಚೀಚೆ ಇದ್ದರೆ ಕದಿರು ಓಲಾಡುತ್ತದೆ, ನೂಲು ಒಂದೆಡೆ ದಪ್ಪ, ಒಂದೆಡೆ ತೆಳು ಆಗುತ್ತದೆ. ಆಮೇಲೆ ಲೆನ್ಸ್ ಹಿಡಿದು ತೂತಿನ ಒಳಮೈ ನೋಡುತ್ತೇನೆ. ದಾರದಲ್ಲಿ ಜೋತುಬಿದ್ದ ಗುಂಡು ಸಾಮಾನ್ಯವಾಗಿ ಒಂದೇ ಕಡೆ ಸವೆದಿರುತ್ತದೆ. ಕಡ್ಡಿಗೆ ಬಿಗಿಯಾಗಿ ಕೂತಿದ್ದ ಬಿಲ್ಲೆ ಹಾಗೆ ಸವೆಯುವುದಿಲ್ಲ.

ಈಗ ಒಂದು ಲೆಕ್ಕ. ಸೆಂಟಿಮೀಟರಿಗೆ ಹಾಸಿನಲ್ಲಿ 10, ಹೊಕ್ಕಿನಲ್ಲಿ 10 ಎಳೆ ಇರುವ ಸಾಧಾರಣ ಬಟ್ಟೆ ಎಂದುಕೊಳ್ಳಿ. ಒಂದು ಚದರ ಮೀಟರಿಗೆ 2 ಕಿಲೋಮೀಟರ್ ನೂಲು ಬೇಕು. ಒಂದು ಸೀರೆಗೆ 12 ಕಿಲೋಮೀಟರಿಗೂ ಜಾಸ್ತಿ! ರಾಟೆ ಬರುವ ಮುಂಚೆ ಅಷ್ಟನ್ನೂ ಕದಿರಿನಲ್ಲೇ ತೆಗೆಯಬೇಕಿತ್ತು. ನಾವು ಮಗ್ಗವನ್ನು ಹಾಡಿ ಹೊಗಳುತ್ತೇವೆ. ಆದರೆ ಒಬ್ಬ ನೇಕಾರನ ಕೈ ಆಡಬೇಕಾದರೆ ಹಲವರು ಕೂತು ನೂಲಬೇಕಿತ್ತು.

ಲೋಹದ ಕಿಲುಬು ಕಾಪಾಡಿದ ಕಡೆ ನೂಲೂ ಉಳಿದಿದೆ. ಈಗಿನ ಪಾಕಿಸ್ತಾನದ ಮೆಹರ್‌ಗಢದಲ್ಲಿ ತಾಮ್ರದ ಮಣಿಯೊಳಗೆ 7,000 ವರ್ಷಕ್ಕೂ ಹಳೆಯ ಹತ್ತಿಯ ಎಳೆ ಸಿಕ್ಕಿತು. ಮೊಹೆಂಜೊದಾರೊದಲ್ಲಿ ಹತ್ತಿ ಬಟ್ಟೆ ಬೆಳ್ಳಿ ಪಾತ್ರೆಗೆ ಅಂಟಿಕೊಂಡು ಉಳಿದಿತ್ತು. ನಮ್ಮ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಸಿಕ್ಕಿದ್ದು ಬಟ್ಟೆಯಲ್ಲ, ಸುಮಾರು 3,000 ವರ್ಷ ಹಳೆಯ ಹತ್ತಿ ಬೀಜದ ಕರಕಲು. ಇಂಥ ಬೀಜದ ಜೊತೆಗೆ ಹಗುರ ಬಿಲ್ಲೆಗಳೂ ಸಿಕ್ಕರೆ, ಅಲ್ಲಿ ಹತ್ತಿ ನೂಲುತ್ತಿದ್ದರು ಎನ್ನಲು ಧೈರ್ಯ ಬರುತ್ತದೆ.

ಕದಿರು ಯಾವ ದಿಕ್ಕಿಗೆ ತಿರುಗಿತು ಎಂಬುದನ್ನು ಬಿಲ್ಲೆ ಹೇಳುವುದಿಲ್ಲ, ನೂಲು ಹೇಳುತ್ತದೆ. ಈಜಿಪ್ಟಿನಲ್ಲಿ, ಕೆಂಪು ಸಮುದ್ರದ ದಡದ ಹಳೆಯ ಬೆರೆನಿಕೆ ಬಂದರಿನಲ್ಲಿ ಹತ್ತಿ ಬಟ್ಟೆಯ ಚೂರುಗಳು ಸಿಕ್ಕಿವೆ. ಈಜಿಪ್ಟಿನ ನೂಲಿನ ಹುರಿ ಒಂದು ದಿಕ್ಕಿಗಾದರೆ, ಭಾರತದ್ದು ಅದರ ಎದುರು ದಿಕ್ಕಿಗೆ. ಕೆಲವು ಚೂರುಗಳು ಭಾರತದಿಂದ ಬಂದವು ಎಂದು ತಜ್ಞರು ಗುರುತಿಸಲು ಈ ಹುರಿಯೇ ಮುಖ್ಯ ಆಧಾರ.

ಉತ್ಖನನಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರೇ, ಬಿಲ್ಲೆ ಸಿಕ್ಕರೆ ಅದರ ತೂಕ, ಅಗಲ, ತೂತಿನ ಅಳತೆ ಮೂರನ್ನೂ ಬರೆದಿಡಿ. ಅರ್ಧ ಮುರಿದದ್ದನ್ನು ಸುಮ್ನೆ ಎಸೆಯಬೇಡಿ. ಅರ್ಧ ಇದ್ದರೂ ಪೂರ್ತಿ ತೂಕ ಅಂದಾಜು ಮಾಡಬಹುದು.