ದೋಣಿಯ ಅಟ್ಟ ಹಿಂದಕ್ಕೆ ಬೆಳೆಯಬೇಕು

ಸಿಗಂದೂರು ಸೇತುವೆ 2025ರ ಜುಲೈಯಲ್ಲಿ ತೆರೆದ ಮೇಲೆ ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುವವರ ಸಾಲು ಕರಗಿದೆ. ಈಗ ಅಲ್ಲಿ ದಡದ ಮೇಲೆ ಕೂತರೆ ಬೀಸುಬಲೆ ಹಾಕುವವರನ್ನು ನಿಶ್ಚಿಂತೆಯಿಂದ ನೋಡಬಹುದು. ಬಲೆಯ ಒಂದು ಪಾಲು ಎಡ ಮೊಣಕೈ ಮೇಲೆ, ಇನ್ನೊಂದು ಪಾಲು ಬಲಗೈಯಲ್ಲಿ, ಅಂಚಿನ ಒಂದು ಸೀಸದ ಗುಂಡು ಹಲ್ಲಿನ ನಡುವೆ. ಸೊಂಟ ಒಮ್ಮೆ ಹಿಂದಕ್ಕೆ ತಿರುಗಿ ಮುಂದಕ್ಕೆ ಬಂತು ಅನ್ನುವಷ್ಟರಲ್ಲಿ ಬಲೆ ಕಾವಲಿ ಮೇಲಿನ ನೀರ್ದೋಸೆಯಂತೆ ಗಾಳಿಯಲ್ಲಿ ಹರಡಿಕೊಂಡಿರುತ್ತದೆ. ಆ ತಿರುಗುವಿಕೆಯೇ ಬಲೆ ಬಿಚ್ಚುವ ಗುಟ್ಟು. ಪ್ರತಿಯೊಂದು ಗುಂಡಿಗೂ ನೇರ ಹೋಗುವ ಆಸೆ, ಬಲೆಯ ನೂಲು ಅದನ್ನು ಒಳಗೆಳೆಯುತ್ತದೆ. ಈ ಜಗ್ಗಾಟದಲ್ಲಿ ಬಲೆ ವೃತ್ತವಾಗುತ್ತದೆ.

ಇಷ್ಟೆಲ್ಲ ಮಾಡುವುದಕ್ಕೆ ಕಾಲಿಗೆ ಜಾಗ ಬೇಕು. ಹದಿನಾಲ್ಕು ಅಡಿಯ ಫೈಬರ್ ದೋಣಿಗೆ ಮುಂತುದಿಯಲ್ಲಿ ಇರುವುದು ಒಂದು ತ್ರಿಕೋನದ ಹಲಗೆ, ಹೆಚ್ಚೆಂದರೆ ಎರಡಡಿ. ಅದನ್ನು ನಾವು ಅಟ್ಟ ಅನ್ನುತ್ತೇವೆ. ಅದನ್ನು ದೊಡ್ಡದು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ನನಗೂ ನನ್ನ ಭಾವನಿಗೂ ಬಂತು. ಮೂಗಿನಿಂದ ಆಚೆಗೆ ಒಂದೂವರೆ ಅಡಿ ಚಾಚಿ, ಎತ್ತರವನ್ನೂ ಅರ್ಧ ಅಡಿ ಏರಿಸಿ ಹೊಸ ಅಟ್ಟ ಕಟ್ಟಿದೆವು. ನೋಡಲು ಭರ್ಜರಿಯಾಗಿತ್ತು. ಮೊದಲ ಬೀಸಿಗೇ ನಾನು ನೀರಿನಲ್ಲಿದ್ದೆ. ಬಲೆ ನನಗಿಂತ ಮೊದಲು ಬಿದ್ದಿತ್ತು ಅನ್ನುವುದೊಂದೇ ಸಮಾಧಾನ. ಸೊಂಟದ ಮಟ್ಟದ ನೀರಾದ್ದರಿಂದ ನಗುವುದಕ್ಕೂ ಅವಕಾಶವಾಯಿತು. ಆಮೇಲೆ ಲೈಫ್ ಜಾಕೆಟ್ ಇಲ್ಲದೆ ಅಟ್ಟ ಹತ್ತಿಲ್ಲ.

ಬಿದ್ದದ್ದು ಯಾಕೆ? ಎತ್ತರದಿಂದಲೇ ಶುರು ಮಾಡೋಣ. ದೋಣಿ, ಇಬ್ಬರು ಮನುಷ್ಯರು, ಸಾಮಾನು ಎಲ್ಲ ಸೇರಿ 300 ಕಿಲೋ ಎಂದಿಟ್ಟುಕೊಳ್ಳಿ. ದೋಣಿಯ ತಳದಲ್ಲಿ ನಿಂತಿದ್ದ 65 ಕಿಲೋ ಮನುಷ್ಯ 40 ಸೆಂ.ಮೀ. ಎತ್ತರದ ಅಟ್ಟ ಹತ್ತಿದರೆ ಇಡೀ ದೋಣಿಯ ಗುರುತ್ವ ಕೇಂದ್ರ ಸುಮಾರು 9 ಸೆಂ.ಮೀ. ಮೇಲೇರುತ್ತದೆ. ಇದು ಕೆಟ್ಟದ್ದೇ, ಆದರೆ ಇದೊಂದರಿಂದಲೇ ಯಾರೂ ಬೀಳುವುದಿಲ್ಲ.

ದೊಡ್ಡ ವಿಷಯ ಅಗಲದ್ದು. ದೋಣಿ ಒಂದು ಪಕ್ಕಕ್ಕೆ ವಾಲಿದಾಗ ಆ ಪಕ್ಕ ಹೆಚ್ಚು ಮುಳುಗುತ್ತದೆ, ನೀರು ಅದನ್ನು ಮೇಲೆ ತಳ್ಳುತ್ತದೆ. ಹೀಗೆ ನೆಟ್ಟಗೆ ನಿಲ್ಲಿಸುವ ಈ ಶಕ್ತಿ ನೀರಿನ ಮಟ್ಟದಲ್ಲಿ ದೋಣಿ ಎಷ್ಟು ಅಗಲವಿದೆಯೋ ಅದರ ಘನವನ್ನು ಅವಲಂಬಿಸಿದೆ. ನಾಲ್ಕಡಿ ಅಗಲದ ಘನ 64, ಮೂರಡಿಯದು 27. ಒಂದಡಿ ಕಡಿಮೆಯಾದರೆ ಅರ್ಧಕ್ಕಿಂತ ಹೆಚ್ಚು ಬಲ ಹೋಯಿತು. ಈ ಲೆಕ್ಕವನ್ನು ಮೊದಲು ಅಚ್ಚುಕಟ್ಟು ಮಾಡಿದವರಲ್ಲಿ ಒಬ್ಬ ಫ್ರಾನ್ಸಿನ ಪಿಯರ್ ಬೂಗೇರ್. ವಾಲಿದ ದೋಣಿ ಮತ್ತೆ ನೆಟ್ಟಗಾಗುತ್ತದೋ ಮಗುಚುತ್ತದೋ ಎಂದು ಹೇಳುವ ಬಿಂದುವಿಗೆ ಮೆಟಾಸೆಂಟರ್ ಎಂಬ ಹೆಸರು ಕೊಟ್ಟು 1746ರಲ್ಲಿ ಪುಸ್ತಕ ತಂದ. ಗುರುತ್ವ ಕೇಂದ್ರ ಆ ಬಿಂದುವಿನ ಕೆಳಗೇ ಇರಬೇಕು. ತಮಾಷೆಯೆಂದರೆ ಹಡಗಿನ ಈ ಪುಸ್ತಕದ ಬಹುಪಾಲನ್ನು ಆತ ಬರೆದದ್ದು ಸಮುದ್ರದ ಮೇಲಲ್ಲ. ಭೂಮಿಯ ಆಕಾರ ಅಳೆಯಲು ಹೋಗಿದ್ದ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲಿ. ಘಟ್ಟದ ಮೇಲಿನವರಿಗೆ ದೋಣಿ ಏನು ಗೊತ್ತು ಅನ್ನುವ ಕರಾವಳಿಯ ನೆಂಟರಿಗೆ ನಾನಿದನ್ನು ಹೇಳುವುದುಂಟು.

ಹರಿಗೋಲು ಇದೇ ಅಗಲದ ಬಲದಲ್ಲಿ ಬದುಕಿದೆ. ಬಿದಿರಿನ ಬುಟ್ಟಿಯಂಥ ಹಗುರ ಸಾಮಾನು, ಆದರೂ ಸುತ್ತ ಎಲ್ಲ ಕಡೆ ಅಗಲವೇ. ಹಾಗಾಗಿ ಮಗುಚುವುದು ಕಷ್ಟ. ಆದರೆ ನೀರನ್ನು ಸೀಳುವ ದಿಕ್ಕು ಅನ್ನುವುದೇ ಅದಕ್ಕಿಲ್ಲದ್ದರಿಂದ ಬಲೆ ಬೀಸಿದವನ ಜೊತೆ ತಾನೂ ಗಿರಗಿರ ತಿರುಗುತ್ತದೆ.

ಈಗ ನಮ್ಮ ಅಟ್ಟಕ್ಕೆ ಬನ್ನಿ. ದೋಣಿಯನ್ನು ಒಂದು ತೆರೆದ ಪೆಟ್ಟಿಗೆ ಎಂದು ಭಾವಿಸಿ ಲೆಕ್ಕ ಹಾಕಿದೆ. ನೀರು ಮುಟ್ಟುವ ಭಾಗ 3.6 ಮೀಟರ್ ಉದ್ದ, 1.1 ಮೀಟರ್ ಅಗಲ. 300 ಕಿಲೋ ಹೊತ್ತಾಗ ಅದು ಮುಳುಗುವುದು ಬರೀ 8 ಸೆಂ.ಮೀ. ನಡುವಿನಿಂದ ಎರಡು ಮೀಟರ್ ಮುಂದೆ, ಅಂದರೆ ದೋಣಿಯ ಮೂಗಿನ ಹತ್ತಿರ, 65 ಕಿಲೋ ನಿಂತರೆ ಮೂಗು ಇನ್ನೂ ಐದೂವರೆ ಸೆಂ.ಮೀ. ಇಳಿಯುತ್ತದೆ. ಹಿಂಭಾಗ ಅಷ್ಟೇ ಏಳುತ್ತದೆ. ಅಲ್ಲಿ ನೀರಿನಲ್ಲಿ ಉಳಿಯುವುದು ಎರಡೂವರೆ ಸೆಂ.ಮೀ. ಮಾತ್ರ. ನಿಜವಾದ ದೋಣಿ ಪೆಟ್ಟಿಗೆಯಲ್ಲ: ಹಿಂದೆ ಅಗಲ, ಮುಂದೆ ಚೂಪು. ಅಂದರೆ ದೋಣಿಯನ್ನು ಹಿಡಿದು ನಿಲ್ಲಿಸುವ ಅಗಲವಾದ ಹಿಂಭಾಗವನ್ನೇ ನೀರಿನಿಂದ ಎತ್ತಿ, ಚೂಪು ಮೂಗಿನ ಮೇಲೆ ನಂಬಿಕೆಯಿಟ್ಟು ನಾನು ನಿಂತಿದ್ದೆ. ಅದರ ಮೇಲೆ ಬೀಸು ಬೇರೆ. ಐದು ಕಿಲೋದ ಒದ್ದೆ ಬಲೆ ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಕೈಬಿಟ್ಟರೆ ಉಳಿದ 295 ಕಿಲೋ ಸೆಕೆಂಡಿಗೆ ಎಂಟು ಸೆಂ.ಮೀ.ನಂತೆ ಹಿಂದಕ್ಕೆ ಸರಿಯುತ್ತದೆ. ಅಂಗೈ ಅಗಲ ಅಷ್ಟೆ. ಆದರೆ ಮೈ ಮುಂದಕ್ಕೆ ಬಾಗಿರುವಾಗ ಕಾಲಡಿಯ ಹಲಗೆ ಅಂಗೈ ಅಗಲ ಹಿಂದೆ ಹೋದರೆ ಏನಾಗುತ್ತದೆ ಎಂದು ನನಗೆ ಗೊತ್ತು.

ಹಾಗಾಗಿ ಎರಡನೇ ಸಲ ಅಟ್ಟವನ್ನು ಹಿಂದಕ್ಕೆ, ದೋಣಿಯ ಹೊಟ್ಟೆಯ ಕಡೆಗೆ ಎರಡೂವರೆ ಅಡಿ ಬೆಳೆಸಿದೆವು. ಎತ್ತರ ಹಳೆಯ ಹಲಗೆಗಿಂತ ಒಂದಿಷ್ಟು ತಗ್ಗು. ನಿಲ್ಲುವ ಜಾಗ ನಡುವಿನಿಂದ ಮೂರಡಿಗೆ ಬಂತು, ಮೂಗು ಇಳಿಯುವುದು ಅರ್ಧಕ್ಕಿಂತ ಕಡಿಮೆಯಾಯಿತು.

ಹಲಗೆಯದ್ದೂ ಘನದ ಕತೆಯೇ. ಪ್ಲೈವುಡ್ ಬಾಗದಿರುವ ಗುಣ ಅದರ ದಪ್ಪದ ಘನದಷ್ಟು ಏರುತ್ತದೆ: 12 ಮಿ.ಮೀ. ಬದಲು 18 ಹಾಕಿದರೆ ಮೂರುಪಟ್ಟಿಗೂ ಹೆಚ್ಚು ಗಟ್ಟಿ, ತೂಕವೂ ಒಂದೂವರೆ ಪಟ್ಟು. ಅದರ ಬದಲು ಅಡಿಯಲ್ಲಿ ನಡುವೆ ಒಂದು ತೊಲೆ ಕೊಟ್ಟು ಆಸರೆಗಳ ಅಂತರವನ್ನು ಅರ್ಧ ಮಾಡಿದರೆ ಕಾಲಿಟ್ಟಲ್ಲಿ ಬಾಗುವುದು ಸುಮಾರು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ನಮ್ಮ ಆಚಾರ್ರಿಗೆ ಈ ಲೆಕ್ಕ ಹೇಳಿದಾಗ ಅವರು, ಇದಕ್ಕೆ ಪುಸ್ತಕ ಬೇಕಾ, ಮನೆಯ ಅಟ್ಟಕ್ಕೆ ತೊಲೆ ಹಾಕುವುದು ಮತ್ಯಾಕೆ ಎಂದರು.

ಮೂರಡಿ ಅಗಲ, ಎರಡೂವರೆ ಅಡಿ ಉದ್ದದ 12 ಮಿ.ಮೀ. ಹಲಗೆ ಐದು ಕಿಲೋ ಆಸುಪಾಸು ತೂಗುತ್ತದೆ. ಕೊಳ್ಳುವಾಗ ಐಎಸ್ 710 ಮುದ್ರೆ ನೋಡಿ, ಅದು ಮರೈನ್ ದರ್ಜೆ; 72 ಗಂಟೆ ಕುದಿಸಿದರೂ ಅಂಟು ಬಿಡಬಾರದು ಅನ್ನುವುದು ಅದರ ಪರೀಕ್ಷೆ. ಆದರೆ ಅಂಟು ಉಳಿದರೂ ಮರ ಕೊಳೆಯಬಹುದು. ಮರದಲ್ಲಿ ತೇವ ಶೇ 20ರ ಒಳಗಿದ್ದರೆ ಕೊಳೆಸುವ ಶಿಲೀಂಧ್ರಕ್ಕೆ ಬದುಕಿಲ್ಲ. ನಮ್ಮ ಮಳೆಗಾಲದಲ್ಲಿ ಹಾಗೆ ಒಣಗಿಸಿಡುವುದು ಕನಸಿನ ಮಾತು, ಹಾಗಾಗಿ ಕೊಯ್ದ ಅಂಚಿಗೂ ಪ್ರತಿ ಸ್ಕ್ರೂ ತೂತಿಗೂ ಎಪಾಕ್ಸಿ ಕುಡಿಸಿದೆವು. ನೀರು ಹೆಚ್ಚಾಗಿ ಒಳಹೋಗುವುದು ಹಲಗೆಯ ಮುಖದಿಂದಲ್ಲ, ಅಂಚಿನಿಂದ.

ಅಟ್ಟದ ಅಡಿ ಮುಚ್ಚಿಬಿಟ್ಟರೆ ಇನ್ನೊಂದು ತಾಪತ್ರಯ. ಅಲ್ಲಿ ಹತ್ತಿಪ್ಪತ್ತು ಲೀಟರ್ ನೀರು ಸೇರಿದರೆ ದೋಣಿ ವಾಲಿದ ಕಡೆಗೇ ಅದೂ ಓಡಿ ಇನ್ನಷ್ಟು ವಾಲಿಸುತ್ತದೆ. ಮಧ್ಯೆ ಉದ್ದಕ್ಕೆ ಒಂದು ಅಡ್ಡಹಲಗೆ ಕೊಟ್ಟು ಜಾಗವನ್ನು ಎರಡು ಮಾಡಿದರೆ ಈ ಕಾಟ ನಾಲ್ಕನೇ ಒಂದು ಪಾಲಿಗೆ ಬರುತ್ತದೆ; ಅಲ್ಲೂ ಅದೇ ಘನ, ಒಂದೊಂದು ಭಾಗದಲ್ಲಿ ಎಂಟನೇ ಒಂದು, ಎರಡೂ ಸೇರಿ ನಾಲ್ಕನೇ ಒಂದು. ನಾವು ಅಡ್ಡಹಲಗೆಯನ್ನೂ ಕೊಟ್ಟೆವು, ಹಿಂದುಗಡೆ ಹೆಬ್ಬೆರಳು ಹೋಗುವಷ್ಟು ದೊಡ್ಡ ಎರಡು ತೂತುಗಳನ್ನೂ ಬಿಟ್ಟೆವು. ಸಣ್ಣ ತೂತಾದರೆ ಒಂದು ಎಲೆ ಸಾಕು ಮುಚ್ಚಲು.

ಹೊಸ ಅಟ್ಟದ ಮೇಲೆ ನಿಂತು ಬೀಸಿದ ಮೊದಲ ಬಲೆ ಚೆನ್ನಾಗಿಯೇ ಬಿಚ್ಚಿತು. ಎಳೆದರೆ ಬರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡಿನ ಯಾವುದೋ ಬೊಡ್ಡೆಗೆ ಸಿಕ್ಕಿಕೊಂಡಿತ್ತು. ಆಳದ ನೀರಿನಲ್ಲಿ ಶಿಲೀಂಧ್ರಕ್ಕೆ ಬೇಕಾದಷ್ಟು ಆಮ್ಲಜನಕವಿಲ್ಲ, ಆರು ದಶಕವಾದರೂ ಮರ ಹಾಗೇ ಗಟ್ಟಿಯಾಗಿದೆ. ಬಿಡಿಸಿಕೊಳ್ಳಲು ಅರ್ಧ ಗಂಟೆ ಹಿಡಿಯಿತು. ಭಾವ ಹಿಂದೆ ಹುಟ್ಟು ಹಿಡಿದು ಕೂತಿದ್ದರು, ನಾನು ಅಟ್ಟದ ಮೇಲೆ ಮಂಡಿಯೂರಿ ಜಗ್ಗುತ್ತಿದ್ದೆ. ದೋಣಿ ಅಷ್ಟಾಗಿ ಅಲುಗಲಿಲ್ಲ. ಬಲೆಯಲ್ಲಿ ಮೂರು ಜಿಲೇಬಿ ಮೀನು ಇದ್ದವು.