ಕೊಕೊಮೊ ಎಂಬ ದ್ವೀಪ ಎಲ್ಲಿದೆ?

ಪ್ರಶ್ನೆ: ಅಮೆರಿಕದ ಬೀಚ್ ಬಾಯ್ಸ್ ಸಂಗೀತ ತಂಡದ ‘ಕೊಕೊಮೊ’ ಹಾಡಿನ ದ್ವೀಪ ನಿಜಕ್ಕೂ ಇದೆಯೇ? ನಕಾಶೆಯಲ್ಲಿ ಎಷ್ಟು ಹುಡುಕಿದರೂ ಕಾಣುತ್ತಿಲ್ಲ.

ಕಾಣುವುದೂ ಇಲ್ಲ. ಅದು ಹಾಡಿಗಾಗಿ ಹುಟ್ಟಿದ ದ್ವೀಪ. ಫ್ಲಾರಿಡಾದ ದಕ್ಷಿಣ ತುದಿಯಲ್ಲಿ ಸಾಲಾಗಿ ಚಾಚಿಕೊಂಡಿರುವ ‘ಕೀಸ್’ ನಡುಗಡ್ಡೆಗಳ ಆಚೆ ಅದು ಇದೆಯೆಂದು ಹಾಡು ಹೇಳುತ್ತದೆ, ಅಷ್ಟೆ. ಕೊಕೊಮೊ ಎಂಬ ಊರೇನೋ ಅಮೆರಿಕದಲ್ಲಿ ಉಂಟು. ಆದರೆ ಅದು ಇಂಡಿಯಾನಾ ರಾಜ್ಯದ ಒಳನಾಡಿನಲ್ಲಿರುವ ಕಾರ್ಖಾನೆಗಳ ಪಟ್ಟಣ. ಎಲ್‌ವುಡ್ ಹೇನ್ಸ್ 1894ರಲ್ಲಿ ತಮ್ಮ ಪೆಟ್ರೋಲ್ ಕಾರನ್ನು ಓಡಿಸಿ ನೋಡಿದ ಜಾಗ. ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಸಮುದ್ರದ ಗಾಳಿಯಂತೂ ಸುಳಿಯುವುದಿಲ್ಲ.

ತಮಾಷೆಯೆಂದರೆ ಹಾಡಿನಲ್ಲಿ ಬರುವ ಉಳಿದ ಹೆಸರುಗಳೆಲ್ಲ ಅಸಲಿ: ಅರುಬಾ, ಜಮೈಕಾ, ಬರ್ಮುಡಾ, ಬಹಾಮಾ, ಕೀ ಲಾರ್ಗೊ, ಮೊಂಟೆಗೊ. ಇದೇ ಕ್ರಮದಲ್ಲಿ ಹಡಗು ನಡೆಸುವ ಕಪ್ತಾನನ ಕೆಲಸ ಮಾತ್ರ ಉಳಿಯಲಾರದು. ಅರುಬಾ ಇರುವುದು ವೆನೆಜುವೆಲಾದ ಕರಾವಳಿಯ ಹತ್ತಿರ. ಬರ್ಮುಡಾ ಕೆರಿಬಿಯನ್ ಸಮುದ್ರದಲ್ಲೇ ಇಲ್ಲ, ಉತ್ತರ ಅಟ್ಲಾಂಟಿಕ್‌ನಲ್ಲಿ ಒಂಟಿಯಾಗಿದೆ. ಬಹಾಮಾಸ್‌ನ ಕೊನೆಯ ‘ಸ್’ ಅನ್ನು ತಾಳಕ್ಕಾಗಿ ಕತ್ತರಿಸಲಾಗಿದೆ. ಇಷ್ಟೊಂದು ನಿಜದ ನಡುವೆ ಒಂದು ಸುಳ್ಳು ಸದ್ದಿಲ್ಲದೆ ಸೇರಿಕೊಂಡರೆ ಯಾರಿಗೆ ಅನುಮಾನ ಬಂದೀತು?

ಹಾಡನ್ನು ಮೊದಲು ಬರೆಯಲು ಕುಳಿತವರು ‘ಮಾಮಾಸ್ ಅಂಡ್ ದಿ ಪಾಪಾಸ್’ ತಂಡದ ಜಾನ್ ಫಿಲಿಪ್ಸ್. ಸ್ಕಾಟ್ ಮೆಕೆಂಜಿ, ಟೆರ್ರಿ ಮೆಲ್ಚರ್ ಮತ್ತು ಬೀಚ್ ಬಾಯ್ಸ್‌ನ ಮೈಕ್ ಲವ್ ಅವರ ಕೈಯೂ ಅದರಲ್ಲಿ ಸೇರಿತು. ಫಿಲಿಪ್ಸ್ ಬರೆದಿದ್ದ ಸಾಲಿನಲ್ಲಿ ಅದು ‘ನಾವು ಹಿಂದೆ ಹೋಗುತ್ತಿದ್ದ’ ಜಾಗವಾಗಿತ್ತು. ವಯಸ್ಸಾದವನ ಹಳಹಳಿಕೆಯಂತೆ ಕೇಳಿಸುತ್ತದೆಂದು ಲವ್ ಅದನ್ನು ‘ನೀವು ಹೋಗಬಯಸುವ’ ಜಾಗವನ್ನಾಗಿ ಬದಲಿಸಿದರು. ನನ್ನ ಮಟ್ಟಿಗೆ ಹಾಡನ್ನು ಗೆಲ್ಲಿಸಿದ್ದು ಈ ಸಣ್ಣ ತಿದ್ದುಪಡಿಯೇ. ನೆನಪಿನ ಊರಾಗಿದ್ದರೆ ಅದು ಎಲ್ಲಾದರೂ ಇರಲೇಬೇಕಿತ್ತು. ಆಸೆಯ ಊರಿಗೆ ಆ ಕಟ್ಟುಪಾಡಿಲ್ಲ. ಆಗ 47ರ ಆಸುಪಾಸಿನಲ್ಲಿದ್ದ ಲವ್ ಹಳೆಯದನ್ನು ಮೆಲುಕು ಹಾಕುತ್ತ ಕೂರಲಿಲ್ಲ ಎಂಬುದನ್ನು ಮೆಚ್ಚಬೇಕು.

‘ಕಾಕ್‌ಟೇಲ್’ ಚಿತ್ರಕ್ಕಾಗಿ ಮಾಡಿದ ಈ ಹಾಡು 1988ರ ನವೆಂಬರ್‌ನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ತಂಡ ಅದಕ್ಕೂ ಮೊದಲು ಅಲ್ಲಿಗೆ ತಲುಪಿದ್ದು 1966ರ ಡಿಸೆಂಬರ್‌ನಲ್ಲಿ, ‘ಗುಡ್ ವೈಬ್ರೇಷನ್ಸ್’ ಮೂಲಕ. ಆ ಹಾಡಿಗೆ ರಾಗ ಕಟ್ಟಿದ್ದ, ತಂಡದ ಮುಖ್ಯ ಸಂಯೋಜಕ ಬ್ರಯಾನ್ ವಿಲ್ಸನ್ ‘ಕೊಕೊಮೊ’ದ ಮೂಲ ಧ್ವನಿಮುದ್ರಣದಲ್ಲಿ ಇಲ್ಲ, ಅವರ ಮೊದಲ ಏಕವ್ಯಕ್ತಿ ಆಲ್ಬಮ್ ಅದೇ ವರ್ಷ ಹೊರಬಂದಿತ್ತು. ತಂಡದ ಕಟ್ಟಾ ಅಭಿಮಾನಿಗಳು ಹಲವರು ಈ ಹಾಡಿಗೆ ಮೂಗು ಮುರಿಯುವುದಕ್ಕೆ ಇದೂ ಒಂದು ಕಾರಣ. ಆದರೆ ಒಮ್ಮೆ ಗಮನವಿಟ್ಟು ಕೇಳಿ: ಊರುಗಳ ಹೆಸರನ್ನು ಲವ್ ತಣ್ಣಗೆ ಎಣಿಸುತ್ತ ಹೋಗುತ್ತಾರೆ, ಅಲ್ಲಿಂದ ಹಾಡನ್ನು ಮೇಲಕ್ಕೆತ್ತುವ ಇಂಪಾದ ದನಿ ಬ್ರಯಾನ್ ಅವರ ತಮ್ಮ ಕಾರ್ಲ್ ವಿಲ್ಸನ್ ಅವರದು. ಆ ಕ್ಷಣಕ್ಕೆ ಸಿನಿಕನೂ ಸೋಲುತ್ತಾನೆ.

ಅಂದ ಹಾಗೆ, ವಿಡಿಯೊದಲ್ಲಿ ಕಾಣುವ ಮರಳ ದಂಡೆಯನ್ನು ಹುಡುಕಿ ಹೊರಡುವುದಾದರೆ ದಾರಿ ಸುಲಭ. ಅದು ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿರುವ ಗ್ರ್ಯಾಂಡ್ ಫ್ಲೊರಿಡಿಯನ್ ಹೋಟೆಲಿನದು. ಅಲ್ಲಿರುವ ನೀರೂ ಸಮುದ್ರವಲ್ಲ, ಮನುಷ್ಯರೇ ತೋಡಿದ ಕೆರೆ.