ಮೊದಲು ಸಹಿ ಹಾಕುವವರು ಯಾರು?

ತುಮಕೂರಿನ ಸಣ್ಣ ಉದ್ದಿಮೆದಾರರಿಗೆ ಮಾಹಿತಿ ಭದ್ರತೆಯ ಸಲಹೆ ನೀಡುವ ನನ್ನ ಬಳಿ ಬರುವವರು ಬಹುಮಟ್ಟಿಗೆ ಒಂದೇ ಮಾತು ಹೇಳುತ್ತಾರೆ: "ಸಾರ್, ಇಬ್ಬರ ಹತ್ತಿರವೂ ಡಿಜಿಟಲ್ ಸಹಿ ಇದೆ, ಇನ್ನು ಮೋಸಕ್ಕೆ ಜಾಗವೆಲ್ಲಿ?" ಜಾಗವಿದೆ ಎಂದು ನಾನು ಎಷ್ಟು ಸಲ ಹೇಳಿದರೂ ಅವರಿಗೆ ನಂಬಿಕೆ ಬರುವುದಿಲ್ಲ. ಸಹಿ ಹಾಕಿದವರು ಯಾರು, ಹಾಕಿದ ಮೇಲೆ ಕಡತವನ್ನು ಯಾರಾದರೂ ತಿದ್ದಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಡಿಜಿಟಲ್ ಸಹಿ ಉತ್ತರ ಕೊಡುತ್ತದೆ. ನನ್ನ ಸಹಿ ನಿಮ್ಮ ಕೈಸೇರಿದ ಮೇಲೆ ನಿಮ್ಮದು ನನಗೆ ಬಂದೇ ಬರುತ್ತದೆ ಎಂಬ ಖಾತರಿಯನ್ನು ಮಾತ್ರ ಅದು ಕೊಡುವುದಿಲ್ಲ.

ತಿಪಟೂರು ಕಡೆಯ ಕೊಬ್ಬರಿ ವರ್ತಕರೊಬ್ಬರು ದರ ನಮೂದಿಸಿದ ಕರಾರಿಗೆ ಟೋಕನ್ (ಡಿಜಿಟಲ್ ಸಹಿಯ ಕೀಲಿ ಇರುವ ಯುಎಸ್‌ಬಿ ಕಡ್ಡಿ) ಚುಚ್ಚಿ ಸಹಿ ಹಾಕಿ ಹೊರರಾಜ್ಯದ ಖರೀದಿದಾರರಿಗೆ ಮೇಲ್ ಮಾಡಿದ್ದರು. ಒಂಬತ್ತು ದಿನ ಆ ಕಡೆಯಿಂದ ಸದ್ದೇ ಇರಲಿಲ್ಲ. ಅಷ್ಟರಲ್ಲಿ ಖರೀದಿದಾರರು ಇದೇ ಕಡತವನ್ನು ಇನ್ನೊಬ್ಬ ವರ್ತಕರಿಗೆ ತೋರಿಸಿ ದರ ಇಳಿಸಲು ನೋಡಿದ್ದರು. ಮಾರುಕಟ್ಟೆಯಲ್ಲಿ ಬೆಲೆ ಏರಿದೊಡನೆ ತಮ್ಮ ಸಹಿಯನ್ನೂ ಸೇರಿಸಿ ಹಳೆಯ ದರಕ್ಕೇ ಮಾಲು ಕೇಳಿದರು. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನೋ ಹಾಗಾಯ್ತಲ್ಲ ಸ್ವಾಮಿ" ಎಂದು ಆ ಹಿರಿಯರು ನನ್ನೆದುರು ಕುಳಿತು ನೊಂದುಕೊಂಡದ್ದು ಇನ್ನೂ ಕಣ್ಣಮುಂದಿದೆ. ಅವರ ಸಹಿಯನ್ನು ಯಾರೂ ನಕಲು ಮಾಡಿರಲಿಲ್ಲ. ಬೆಲೆ ಏರಿದರೆ ಕರಾರು ಹಿಡಿಯುವ, ಇಳಿದರೆ ಕೈಬಿಡುವ ಆಯ್ಕೆಯನ್ನು ಅವರೇ ಬಿಟ್ಟಿಯಾಗಿ ಎದುರಿನವರ ಕೈಗೆ ಕೊಟ್ಟಿದ್ದರು.

ಸಿದ್ಧಗಂಗೆಯ ದನದ ಜಾತ್ರೆಯಲ್ಲಿ ಒಂದು ಕೈಗೆ ದುಡ್ಡು ಬಂದಾಗ ಇನ್ನೊಂದು ಕೈ ಹಗ್ಗ ಬಿಡುತ್ತದೆ. ಜಾಲದಲ್ಲಿ ಅಂಥ ಒಂದೇ ಗಳಿಗೆ ಇಲ್ಲ, ಏಕೆಂದರೆ ಅಲ್ಲಿ ಸಂದೇಶಗಳು ಒಂದಾದ ಮೇಲೊಂದು ಹೋಗುತ್ತವೆ. ನೀವು ಎಷ್ಟೇ ಸಂದೇಶಗಳ ಸರಣಿ ಹೆಣೆದರೂ, ಯಾವುದೋ ಒಂದು ಸಂದೇಶ ತಲುಪಿದ ಕ್ಷಣದಲ್ಲಿ ಒಬ್ಬರ ಕೈ ತುಂಬಿರುತ್ತದೆ, ಇನ್ನೊಬ್ಬರದು ತುಂಬಿರುವುದಿಲ್ಲ. ಆ ಕ್ಷಣದಲ್ಲಿ ಮೊದಲನೆಯವರು ಸಂಪರ್ಕ ಕಡಿದುಕೊಂಡರೆ ವ್ಯವಹಾರ ಅಲ್ಲಿಗೆ ಮುಗಿಯಿತು. ಮಧ್ಯಸ್ಥರಿಲ್ಲದ ನಿಶ್ಚಿತ ವಿಧಾನ (ಆಕಸ್ಮಿಕ ಆಯ್ಕೆಗಳನ್ನು ಬಳಸದ ವಿಧಾನ) ಯಾವುದೂ ಇದನ್ನು ಪೂರ್ತಿಯಾಗಿ ತಪ್ಪಿಸಲಾರದು ಎಂಬುದನ್ನು ಸಂಶೋಧಕರಾದ ಎವೆನ್ ಮತ್ತು ಯಾಕೊಬಿ 1980ರಲ್ಲೇ ತೋರಿಸಿದ್ದಾರೆ. "ಹಾಗಾದರೆ ಸಹಿಯನ್ನೇ ತುಣುಕು ತುಣುಕಾಗಿ ಕಳಿಸೋಣ" ಎನ್ನುವ ಜಾಣರೂ ಇದ್ದಾರೆ. ಆ ದಾರಿಯನ್ನೂ ಸಂಶೋಧಕರು ಪರಿಶೀಲಿಸಿದ್ದಾರೆ. ಆದರೆ ಉಳಿದ ತುಣುಕುಗಳನ್ನು ಲೆಕ್ಕ ಹಾಕಿ ಹುಡುಕುವ ಓಟದಲ್ಲಿ ವೇಗದ ಕಂಪ್ಯೂಟರ್ ಉಳ್ಳವರೇ ಮುಂದಾಗುತ್ತಾರೆ.

ಮಧ್ಯಸ್ಥರು ಬೇಕೆಂದರೆ ಪ್ರತಿ ಕಾಗದವೂ ಅವರ ಮೂಲಕವೇ ಹೋಗಬೇಕೆಂದೇನೂ ಇಲ್ಲ. ಸಂಶೋಧಕರಾದ ಅಶೋಕನ್, ಶೌಪ್ ಮತ್ತು ವೈಡ್ನರ್ 1998ರಲ್ಲಿ ಮಂಡಿಸಿದ ವಿಧಾನದ ತಿರುಳನ್ನು ಸರಳವಾಗಿ ಹೇಳುವುದಾದರೆ, ನಾನು ನನ್ನ ಸಹಿಯನ್ನು ಮಧ್ಯಸ್ಥರು ಮಾತ್ರ ತೆರೆಯಬಲ್ಲ ಬೀಗದ ಪೆಟ್ಟಿಗೆಯಲ್ಲಿಟ್ಟು ನಿಮಗೆ ಕಳಿಸುತ್ತೇನೆ ಮತ್ತು ಒಳಗಿರುವುದು ಈ ಕರಾರಿನ ಮೇಲಿನ ನನ್ನ ನಿಜವಾದ ಸಹಿಯೇ ಎಂಬ ಗಣಿತದ ಪುರಾವೆಯನ್ನೂ ಜೊತೆಗಿಡುತ್ತೇನೆ. ನೀವು ಪೆಟ್ಟಿಗೆ ತೆರೆಯದೆಯೇ ಆ ಪುರಾವೆಯನ್ನು ಪರೀಕ್ಷಿಸಿ ನಿಮ್ಮ ಸಹಿ ಕಳಿಸುತ್ತೀರಿ, ಆಮೇಲೆ ನಾನು ಬೀಗವಿಲ್ಲದ ಸಹಿ ಕಳಿಸುತ್ತೇನೆ. ನಾನು ಮಾತು ತಪ್ಪಿದರೆ ನೀವು ಮಧ್ಯಸ್ಥರ ಬಳಿ ಹೋಗುತ್ತೀರಿ. ಅವರು ನಿಮ್ಮ ಸಹಿಯನ್ನು ನನಗಾಗಿ ಪಡೆದುಕೊಂಡು ಪೆಟ್ಟಿಗೆ ತೆರೆಯುತ್ತಾರೆ. ನೀವೇ ಸುಮ್ಮನಾದರೆ ರದ್ದುಪಡಿಸಲು ನಾನೂ ಅವರನ್ನು ಕೇಳಬಹುದು. ಇಬ್ಬರಲ್ಲಿ ಯಾರ ಕೋರಿಕೆ ಮೊದಲು ಬಂತೋ ಅದೇ ಊರ್ಜಿತವಾಗುತ್ತದೆ. ಇಬ್ಬರೂ ನೆಟ್ಟಗಿದ್ದರೆ ಮಧ್ಯಸ್ಥರಿಗೆ ಸುದ್ದಿಯೇ ತಲುಪುವುದಿಲ್ಲ. ಅರ್ಧ ಮುಗಿದ ಕರಾರನ್ನು ಮೂರನೆಯವರಿಗೆ ತೋರಿಸಿ ಚೌಕಾಸಿ ಮಾಡದಂತೆ ತಡೆಯುವ ವಿಧಾನವೊಂದನ್ನು ಗರಾಯ್ ಮತ್ತು ಸಂಗಡಿಗರು 1999ರಲ್ಲಿ ಕೊಟ್ಟರು. ನಮ್ಮ ಕೊಬ್ಬರಿ ವರ್ತಕರಿಗೆ ಬಿದ್ದ ಪೆಟ್ಟು ಎರಡೂ ಬಗೆಯದು: ಸಹಿ ಕೊಟ್ಟು ಎದುರಿನ ಸಹಿಗೆ ಕಾದದ್ದು ಒಂದು, ಆ ಕಡತ ತೋರಿಸಿ ಚೌಕಾಸಿ ನಡೆದದ್ದು ಇನ್ನೊಂದು.

ನನ್ನ ಗಿರಾಕಿಗಳು ಬಳಸುವ ಪಿಡಿಎಫ್ ತಂತ್ರಾಂಶಗಳಲ್ಲಿ ಈ ಸೌಲಭ್ಯವನ್ನು ನಾನು ಕಂಡಿಲ್ಲ. ಆದ್ದರಿಂದ ಸದ್ಯಕ್ಕೆ ಕರಾರಿನೊಳಗೇ, ಸಹಿ ಹಾಕುವ ಮೊದಲೇ, "ಇಂಥ ದಿನ ಇಷ್ಟು ಗಂಟೆಯೊಳಗೆ ಎದುರು ಪಕ್ಷದ ಸಹಿಯೊಂದಿಗೆ ಮರಳದಿದ್ದರೆ ಇದು ಊರ್ಜಿತವಲ್ಲ" ಎಂಬ ಸಾಲು ಸೇರಿಸಿ ಎನ್ನುತ್ತೇನೆ. 1872ರ ಕರಾರು ಕಾಯ್ದೆಯ ಕಲಂ 6ರ ಪ್ರಕಾರ, ಪ್ರಸ್ತಾವದಲ್ಲೇ ನಿಗದಿಪಡಿಸಿದ ಅವಧಿಯೊಳಗೆ ಒಪ್ಪಿಗೆ ಬಾರದಿದ್ದರೆ ಪ್ರಸ್ತಾವ ಬಿದ್ದುಹೋಗುತ್ತದೆ. ನಾನು ವಕೀಲನಲ್ಲ, ನಿಮ್ಮ ಕಾಗದಕ್ಕೆ ಅದು ಹೇಗೆ ಅನ್ವಯಿಸುತ್ತದೆ ಎಂಬುದನ್ನು ವಕೀಲರಿಂದಲೇ ಕೇಳಿ ತಿಳಿಯಬೇಕು. ಕೊಬ್ಬರಿ ವರ್ತಕರು ಈಗ ಆ ಸಾಲಿಲ್ಲದೆ ಟೋಕನ್ ಮುಟ್ಟುವುದಿಲ್ಲ. ಐದು ದಿನ ಗಡುವು ಕೊಡಲೇ ಎಂದು ಮೊನ್ನೆ ಫೋನಿನಲ್ಲಿ ಕೇಳಿದರು. ಬೆಲೆ ಬದಲಾಗಬಹುದಾದ ಮುಂದಿನ ಕೊಬ್ಬರಿ ಹರಾಜಿನ ಹಿಂದಿನ ಸಂಜೆಯವರೆಗೆ ಮಾತ್ರ ಕೊಡಿ ಎಂದೆ.